ಬೆನ್ನು ತಿರುಗಿಸಿ ನಿಂತವರಿಗೆ

ನಮ್ಮ ಅಕ್ಕ ಟಿವಿ ನೋಡುವುದಿಲ್ಲ, ಕೇಳುತ್ತಾಳೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಹಲ್ಲು ಅವರದು. ಅಕ್ಕನದು ಇಸ್ತ್ರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ಮುಖ ಮಾಡಿ ಉದ್ದನೆಯ ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಕಂಬಳಿ, ಬಲಗಡೆ ಇಸ್ತ್ರಿಪೆಟ್ಟಿಗೆ, ಎಡಗಡೆ ಚಿಮುಕಿಸುವ ನೀರಿನ ಬಟ್ಟಲು. ಟಿವಿ ಇರುವುದು ಅವಳ ಹಿಂದಿನ ಗೋಡೆಗೆ, ಬಟ್ಟೆಗಾಗಿ ಕಾಯುವ ಗಿರಾಕಿಗಳು ನೋಡಿಕೊಂಡು ಜಗಳವಾಡದೆ ನಿಲ್ಲಲಿ ಎಂದು. ಅವರ ಕಣ್ಣು ಟಿವಿಗೆ, ಅಕ್ಕನ ಬೆನ್ನು ಟಿವಿಗೆ. ಎಷ್ಟೋ ವರ್ಷಗಳಿಂದ ಹೀಗೇ.

ಸೀರಿಯಲ್ಲಿಗೆ ಮಾತು ಬರೆಯುವ ಕಸುಬನ್ನು ನಾನು ಕಲಿತದ್ದು ಈ ಬೆನ್ನಿನಿಂದ. ನಾನು ಬರೆದ ಮೊಟ್ಟಮೊದಲ ಕಂತು ಬಂದ ಸಂಜೆ, ಗಿರಾಕಿಗಳೆಲ್ಲ ಆಹಾ ಓಹೋ ಅನ್ನುತ್ತಿದ್ದಾಗ ಅಕ್ಕ ಮಾತ್ರ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಸಿಡುಕಿನಿಂದ ನನ್ನನ್ನು ಕರೆದಳು.

"ಪುಟ್ಟೀ, ಆ ಹುಡುಗಿ ಯಾಕೆ ಹಂಗೆ ಕಿರಿಚಿಕೊಂಡ್ಲು?"

"ಕಾಗದ ಓದಿದ್ಲಲ್ಲ ಅಕ್ಕ, ಮದುವೆ ಮುರೀತು ಅಂತ."

"ಅವಳು ಓದಿದ್ದು ನಂಗೇನು ಗೊತ್ತು? ನಂಗೇನು ಬೆನ್ನಲ್ಲಿ ಕಣ್ಣಿದೆಯಾ? ಬಾಯಿಬಿಟ್ಟು ಹೇಳ್ಸೇ. ಕೈಲಿ ಕೆಲಸ ಇರೋರು ನಿನ್ನ ಟಿವಿ ಮುಂದೆ ಬಾಯಿ ತೆರಕೊಂಡು ಕೂತಿರ್ತಾರಾ?"

ಅವತ್ತೇ ನನಗೆ ಜ್ಞಾನೋದಯವಾಯಿತು. ಸಂಜೆಯ ಆ ಹೊತ್ತಿಗೆ ಅರ್ಧ ದೇಶದ ಹೆಂಗಸರು ಟಿವಿಗೆ ಬೆನ್ನು ಹಾಕಿಯೇ ಇರುತ್ತಾರೆ. ಒಬ್ಬಳು ಒಲೆಯ ಕಡೆ, ಒಬ್ಬಳು ಪಾತ್ರೆಯ ಕಡೆ, ಇನ್ನೊಬ್ಬಳು ಹೋಮ್‌ವರ್ಕ್ ಮಾಡದ ಮಗನ ಕಡೆ. ನಾನು ಬರೆಯುವುದು ಅವರ ಬೆನ್ನಿಗೆ. ಆದ್ದರಿಂದಲೇ ನನ್ನ ಸೊಸೆಯಂದಿರು ಸುಮ್ಮನೆ ಒಳಗೆ ಬರುವುದಿಲ್ಲ. "ಅರೆ, ಬಾಗಿಲು ತೆಗೆದೇ ಇದೆ, ಒಳಗೆ ದೀಪ ಉರೀತಿದೆ, ಅತ್ತೆ ಇನ್ನೂ ಮಲಗಿಲ್ಲ ಅನ್ಸುತ್ತೆ" ಎಂದು ವರದಿ ಒಪ್ಪಿಸಿಯೇ ಬರುತ್ತಾರೆ. ಓದಿದವರು ಇದನ್ನು ಆಡಿಕೊಂಡು ನಗುತ್ತಾರೆ. ಒಂದು ದಿನ ಹಸಿದ ಮಕ್ಕಳಿಗೆ ಅಡಿಗೆ ಮಾಡುತ್ತಾ ಸೀರಿಯಲ್ ನೋಡಿ, ಆಮೇಲೆ ನಗಿ ಎನ್ನುತ್ತೇನೆ ನಾನು.

ಅಪ್ಪ ಅಮ್ಮ ಹೋದಾಗ ನನಗಿನ್ನೂ ಲಂಗ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಊರವರ ಬಟ್ಟೆಗೆ ಇಸ್ತ್ರಿ ಹಾಕಿ ನನ್ನನ್ನು ಓದಿಸಿದವಳು ಅಕ್ಕ. ಭಾವ ಬಂದರು, ಒಳ್ಳೆಯವರು, ಬೇಗ ಹೋಗಿಬಿಟ್ಟರು. ನನಗೆ ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಬೇಡಿ, ಆಗಲಿಲ್ಲ ಅಷ್ಟೇ. ಈಗ ಮುಂದಿನ ಕೋಣೆಯಲ್ಲಿ ಅವಳ ಮೇಜು, ಹಿಂದಿನ ಕೋಣೆಯಲ್ಲಿ ನನ್ನ ಮೇಜು. ಅವಳು ಊರಿನ ಸುಕ್ಕು ತೆಗೆಯುತ್ತಾಳೆ, ನಾನು ಊರಿನ ಸಂಸಾರಗಳಲ್ಲಿ ಸುಕ್ಕು ಹಾಕುತ್ತೇನೆ. ಇದು ಅಕ್ಕನದೇ ಮಾತು.

ಈ ಅಕ್ಕ ತಂಗಿಯ ಮನೆಯಿಂದಲೇ ನಮ್ಮ ಈಗಿನ ಸೀರಿಯಲ್ ಹುಟ್ಟಿತ್ತು. ಮನೆಯ ವಿಷಯಕ್ಕೆ ಜಗಳವಾಡಿ ತಂಗಿ ಹೊರಟುಹೋಗುತ್ತಾಳೆ, ಅಕ್ಕ ಕಾಯುತ್ತಾಳೆ. ಜಗಳ ನಾನು ಸೇರಿಸಿದ್ದು, ಉಳಿದದ್ದು ನಮ್ಮದು. ಮೊದಮೊದಲು ಚೆನ್ನಾಗಿ ಓಡಿತು. ಆಮೇಲೆ ಬೇರೆ ಚಾನೆಲ್‌ನಲ್ಲಿ ಹಾವಾಗುವ ಸೊಸೆಯೊಬ್ಬಳು ಬಂದಳು, ನಮ್ಮ ಜನ ಆ ಕಡೆ ಹೋದರು. ಇನ್ನೇನು ಅಂಗಡಿ ಮುಚ್ಚಬೇಕು ಅನ್ನುವಾಗ ಹೊರದೇಶದ ಕಂಪನಿಯೊಂದು ಬಂದು ನಮ್ಮ ಬಾಗಿಲು ತಟ್ಟಿತು. ಹತ್ತಾರು ದೇಶಗಳಲ್ಲಿ ತೋರಿಸುತ್ತೇವೆ, ಕೊನೆಯ ಕಂತುಗಳು ನಮಗೆ ಒಪ್ಪಿಗೆಯಾದರೆ ಎರಡನೆಯ ಭಾಗಕ್ಕೂ ನಾವೇ ದುಡ್ಡು ಹಾಕುತ್ತೇವೆ ಎಂದರು. ಒಂದೇ ಷರತ್ತು: ಎಲ್ಲ ಕಡೆ ಒಂದೇ ಸಂಜೆ, ಒಂದೇ ಕಂತು. ಮನೆಯವರಿಗೊಂದು, ಹೊರಗಿನವರಿಗೊಂದು ಅಂತ ಎರಡು ಬಗೆ ಇಲ್ಲ.

ಅವರ ಕಡೆಯಿಂದ ಬಂದವಳು ಒಬ್ಬ ಸಣ್ಣ ಹುಡುಗಿ. ನಮ್ಮ ಮಾತನ್ನು ಕಲಿತುಕೊಂಡೇ ಬಂದಿದ್ದಳು. ಬಾಯಿ ತೆರೆದರೆ ಎರಡು ಚಿಕ್ಕ ವಾಕ್ಯ, ಮುಗಿಯಿತು. ನಾನು ಅವಳಿಗೆ ಸಬ್‌ಟೈಟಲ್ ಎಂದು ಹೆಸರಿಟ್ಟೆ. ಸ್ಟುಡಿಯೋದಲ್ಲಿ ಲೈಟ್ ಹಿಡಿಯುವವರೂ ಅದನ್ನೇ ಕರೆದರು. ಅವಳಿಗೆ ಗೊತ್ತಾಯಿತು, ಬೇಜಾರು ಮಾಡಿಕೊಳ್ಳಲಿಲ್ಲ, ಅದು ನನಗೆ ಇನ್ನೂ ಸಿಟ್ಟು ತಂದಿತು.

"ಮೇಡಂ, ಬಾಗಿಲು ತೆಗೆದಿರೋದು ಕಾಣುತ್ತೆ. ಅವಳು ಯಾಕೆ ಹೇಳ್ತಾಳೆ?"

"ನೋಡೋರಿಗೆ ಕಾಣುತ್ತಮ್ಮ. ಕೇಳೋರಿಗೆ?"

"ಹೊರಗಡೆ ಜನ ಕೂತು ನೋಡ್ತಾರೆ. ಮಾತು ಜಾಸ್ತಿ ಆದ್ರೆ ಓದೋದೇ ಆಗುತ್ತೆ. ಮುಖ ನೋಡೋಕೆ ಆಗಲ್ಲ."

ನಮ್ಮ ಡೈರೆಕ್ಟರು ಇಬ್ಬರ ನಡುವೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಮೆತ್ತಗಿನ ಮನುಷ್ಯ. ಸಬ್‌ಟೈಟಲ್ ಹೊರಗೆ ಹೋದಮೇಲೆ ನನ್ನ ಕಡೆ ತಿರುಗಿ, "ರೈಟರಮ್ಮಾ, ಮನೆಗೆ ಮಾರಿ ಊರಿಗೆ ಉಪಕಾರಿ ಆಗಬಾರದು, ಒಪ್ಪಿದೆ. ಆದ್ರೆ ಮನೆಯವರೇ ಹಾವು ನೋಡೋಕೆ ಹೋಗಿದ್ದಾರಲ್ಲ, ಏನ್ಮಾಡೋದು?" ಎಂದರು.

ಅತ್ತ ದರಿ, ಇತ್ತ ಪುಲಿ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ನನ್ನದು ಹುಟ್ಟಾ ಬೆಳ್ಳಿ ವ್ಯಾಪಾರ. ಬಂಗಾರದ ಅಂಗಡಿ ಇಡು ಅಂದರೆ ಎಲ್ಲಿಂದ ತರಲಿ? ಒಂದು ವಾರ ಗೊಣಗಿದೆ. ಆಮೇಲೆ, ಅದೇನು ಮಹಾ ನೋಡೇ ಬಿಡೋಣ ಎಂದು ಕೂತೆ.

ಕೊನೆಯ ಕಂತಿನ ಕೊನೆಯ ದೃಶ್ಯ. ತಂಗಿ ವಾಪಸ್ಸು ಬರುತ್ತಾಳೆ. ಅಕ್ಕ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಳೆ. ಕೈಯಲ್ಲಿ ದೊಡ್ಡ ಹಾಸಿಗೆ ಬಟ್ಟೆ, ಒಬ್ಬರಿಂದ ಮಡಿಸಲಾಗದ್ದು. ತಂಗಿ ಏನೂ ಹೇಳದೆ ಹೋಗಿ ಅದರ ಇನ್ನೊಂದು ತುದಿ ಹಿಡಿಯುತ್ತಾಳೆ. ಇಬ್ಬರೂ ಜಗ್ಗಿ ಕೊಡವುತ್ತಾರೆ. ಒಂದು ಮಡಿಕೆ, ಒಂದು ಹೆಜ್ಜೆ ಹತ್ತಿರ. ಇನ್ನೊಂದು ಮಡಿಕೆ, ಇನ್ನೊಂದು ಹೆಜ್ಜೆ. ಕೊನೆಗೆ ಬಟ್ಟೆ ಅಂಗೈಯಗಲ ಆಗುವ ಹೊತ್ತಿಗೆ ಕೈಗೆ ಕೈ ತಾಕುತ್ತದೆ. ಚಿಕ್ಕವಳಿದ್ದಾಗ ನಾನೂ ಅಕ್ಕನೂ ಮುನಿಸಿಕೊಂಡ ದಿನಗಳಲ್ಲೆಲ್ಲ ಹೀಗೇ ರಾಜಿಯಾಗುತ್ತಿದ್ದದ್ದು, ಹಾಳಾದ ಹಾಸಿಗೆ ಬಟ್ಟೆ ಒಬ್ಬರಿಂದ ಮಡಿಸಲು ಬರುವುದಿಲ್ಲವಲ್ಲ. ಒಂದೇ ಒಂದು ಮಾತಿಲ್ಲದೆ ಬರೆದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡರೆ ತಪ್ಪೇನು? ನಾನು ಬರೆದದ್ದರಲ್ಲೆಲ್ಲ ಅದೇ ಚೆಂದದ್ದು.

ಚಿತ್ರೀಕರಣದಲ್ಲಿ ಇಬ್ಬರು ನಟಿಯರೂ ಕಣ್ಣೀರು ಹಾಕಿದರು, ಅದೂ ಗ್ಲಿಸರಿನ್ ಇಲ್ಲದೆ. ಸಬ್‌ಟೈಟಲ್ ನನ್ನ ಕೈ ಹಿಡಿದು ಬರೀ ಒಂದು ವಾಕ್ಯ ಹೇಳಿದಳು, "ಥ್ಯಾಂಕ್ಸ್ ಮೇಡಂ." ಡೈರೆಕ್ಟರು ಮಾತ್ರ ಹಣೆ ಉಜ್ಜಿಕೊಳ್ಳುತ್ತಾ ನಿಂತಿದ್ದರು.

"ಎಲ್ಲಾ ಸರಿ ರೈಟರಮ್ಮ. ನಿಮ್ಮ ಅಕ್ಕ ಏನಂತಾರೆ?"

ಇದು ಅವರ ನಂಬಿಕೆ. ಅಕ್ಕ ಹೂಂ ಅಂದ ಕಂತು ಬಿದ್ದದ್ದಿಲ್ಲ, ಉಹೂಂ ಅಂದದ್ದು ಎದ್ದದ್ದಿಲ್ಲ. ಹಾವಿನ ಸೊಸೆ ಗೆಲ್ಲುತ್ತಾಳೆ ಎಂದು ಎಲ್ಲರಿಗಿಂತ ಮೊದಲು ಹೇಳಿದವಳೂ ಅಕ್ಕನೇ. ಕೊನೆಗೆ ಹೀಗೆ ತೀರ್ಮಾನವಾಯಿತು: ಅಕ್ಕ ನೋಡಿ ಒಪ್ಪಿದರೆ ದೃಶ್ಯ ಹೀಗೇ ಮೌನವಾಗಿ ಹೋಗುತ್ತದೆ. ಒಪ್ಪದಿದ್ದರೆ ಇಬ್ಬರ ಮನಸ್ಸಿನ ಮಾತುಗಳನ್ನು ನಾನು ಬರೆದುಕೊಡಬೇಕು, ಅವರು ಡಬ್ ಮಾಡಿ ಮೇಲೆ ಕೂರಿಸುತ್ತಾರೆ. ಆ ಮಾತುಗಳನ್ನು ಬರೆಯುವುದೆಂದರೆ ಹಡೆದ ಮಗುವಿಗೆ ನಾನೇ ಮಸಿ ಬಳಿದಂತೆ. ನನಗೆ ಬೇಕಾಗಿದ್ದದ್ದು ಒಂದೇ, ಅಕ್ಕನ ಬಾಯಿಂದ ಹೂಂ.

ಭಾನುವಾರ ಅಂಗಡಿಗೆ ರಜೆ. ಎಡಿಟರ್ ಹಾಕಿಕೊಟ್ಟ ಪೆನ್‌ಡ್ರೈವನ್ನು ಪ್ಲೇಯರ್ ಡಬ್ಬಿಗೆ ಸಿಕ್ಕಿಸಿ, ಡಬ್ಬಿಯ ಮೂರು ಬಣ್ಣದ ವೈರುಗಳನ್ನು ನಮ್ಮ ಮುದಿ ಟಿವಿಗೆ ಚುಚ್ಚಿದೆ. ಅಕ್ಕ ಎಂದಿನಂತೆ ಮೇಜಿನ ಕಡೆ ಹೊರಟಳು.

"ಇವತ್ತು ಬೆನ್ನಿಗಲ್ಲ ಅಕ್ಕ, ಕಣ್ಣಿಗೆ. ಈ ಕಡೆ ತಿರುಗಿ ಕೂತ್ಕೋ. ಇದ್ರಲ್ಲಿ ಮಾತೇ ಇಲ್ಲ."

"ಮಾತೇ ಇಲ್ವಾ? ಮತ್ತೆ ನಿಂಗೆ ಸಂಬಳ ಯಾಕೆ ಕೊಡ್ತಾರೆ?"

"ಸುಮ್ನೆ ನೋಡೇ."

ಕುರ್ಚಿಯಲ್ಲಿ ಕೂತಳು. ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೊದಲ ದಿನ ಶಾಲೆಗೆ ಬಂದ ಹುಡುಗಿಯ ಹಾಗೆ. ಪಿಟೀಲಿನ ಸಂಗೀತ ಶುರುವಾಯಿತು. ಪಕ್ಕದಲ್ಲಿ ಕೂತು ಅವಳ ಮುಖವನ್ನೇ ನೋಡಿದರೆ ಪರೀಕ್ಷೆ ಬರೆಯುವವರ ತಲೆಯ ಮೇಲೆ ನಿಂತಂತಾಗುತ್ತದೆ ಎಂದು ನಾನು ಟೀ ಮಾಡಲು ಒಳಗೆ ಹೋದೆ. ಟೀ ಕುದಿಯಿತು. ಪಿಟೀಲು ನಿಧಾನಕ್ಕೆ ಮೇಲೇರಿತು, ಈಗ ಕೈಗೆ ಕೈ ತಾಕುತ್ತಿರಬೇಕು ಎಂದುಕೊಂಡೆ. ಎರಡು ಲೋಟ ಹಿಡಿದು ಹೊರಗೆ ಬಂದೆ.

ಟಿವಿಯಲ್ಲಿ ಚಿತ್ರವೇ ಇರಲಿಲ್ಲ. ಚಿತ್ರ ತರುವ ಹಳದಿ ವೈರು ಡಬ್ಬಿಯಿಂದ ಕಳಚಿ ಬಿದ್ದು ನೇತಾಡುತ್ತಿತ್ತು. ಪರದೆ ತುಂಬ ಬರೀ ನೀಲಿ. ಪಿಟೀಲು ಮಾತ್ರ ಹಾಡುತ್ತಿತ್ತು. ಆ ನೀಲಿಯ ಎದುರು ನನ್ನ ಅಕ್ಕ ಕಣ್ಣು ಅಗಲಿಸಿಕೊಂಡು, ಕತ್ತು ಸ್ವಲ್ಪ ಮುಂದೆ ಚಾಚಿ, ಶ್ರದ್ಧೆಯಿಂದ ನೋಡುತ್ತಿದ್ದಳು. ನನ್ನ ಹೆಜ್ಜೆಯ ಸದ್ದಾದ ಕೂಡಲೇ ತಲೆಯಾಡಿಸಿದಳು, ಬಹಳ ಚೆನ್ನಾಗಿದೆ ಅನ್ನುವ ಹಾಗೆ.

"ಅಕ್ಕಾ, ಚಿತ್ರ ಯಾವಾಗ ಹೋಯ್ತು?"

"ಎಲ್ಲಿ ಹೋಯ್ತು? ಬರ್ತಾ ಇದೆಯಲ್ಲ. ಚೆನ್ನಾಗಿದೆ ಕಣೇ. ಆ ಹುಡುಗಿ ಏನು ಅಭಿನಯ ಮಾಡಿದ್ದಾಳೆ."

ಲೋಟಗಳನ್ನು ಮೇಜಿನ ಮೇಲಿಟ್ಟೆ. ಅವಳ ಮುಖದ ಮುಂದೆ ಬಗ್ಗಿದೆ. ಅವಳ ನೋಟ ನನ್ನ ಕಿವಿಯ ಪಕ್ಕದಲ್ಲೆಲ್ಲೋ ನಿಂತಿತ್ತು. ಪಿಟೀಲು ಮುಗಿಯಿತು. ನಾನು ಏನೂ ಹೇಳದೆ ನಿಂತದ್ದಕ್ಕೇ ಅವಳಿಗೆ ತಿಳಿದುಹೋಯಿತು.

"ಏನಾಗಿದೆ ಟಿವೀಲಿ?" ಎಂದಳು, ಸಣ್ಣ ದನಿಯಲ್ಲಿ.

"ಏನೂ ಇಲ್ಲ ಅಕ್ಕ. ಬರೀ ನೀಲಿ ಇದೆ."

"ಬೆಳಕು ಕಾಣ್ತಾ ಇತ್ತು. ನಡೀತಿದೆ ಅಂದ್ಕೊಂಡೆ," ಎಂದಳು.

ಬೈದೆ. ಮೊದಲು ಬೈದೆ, ಆಮೇಲೆ ಅತ್ತೆ, ಅಳುತ್ತಲೇ ಮತ್ತೆ ಬೈದೆ. ಎಷ್ಟು ದಿನದಿಂದ, ಯಾಕೆ ಹೇಳಲಿಲ್ಲ, ನಾನು ಸತ್ತಿದ್ದೆನೇ ಎಂದು. ಒಂದೇ ಮನೆ, ಒಂದೇ ಒಲೆ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ಇರಬೇಕು. ಅವಳು ನನ್ನ ಬೈಗುಳವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡಳು. ಎರಡು ವರ್ಷದಿಂದ ಅಂಚಿನಿಂದ ಮಬ್ಬಾಗುತ್ತಾ ಬಂತಂತೆ. ಈಗ ಬೆಳಕು, ನೆರಳು, ಅಷ್ಟೇ. ಬಟ್ಟೆ ಯಾವುದೆಂದು ಬೆರಳಿಗೆ ಗೊತ್ತಾಗುತ್ತದೆ, ಕಾವು ಎಷ್ಟೆಂದು ಅಂಗೈಗೆ ಗೊತ್ತಾಗುತ್ತದೆ, ಗಂಟು ಯಾರದೆಂದು ಅವರವರ ಮನೆಯ ಸೋಪಿನ ವಾಸನೆಯೇ ಹೇಳುತ್ತದೆ.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಂಗಡಿ ಮುಚ್ಚಿಸ್ತಿದ್ದೆ. ನೀನು ಬಿಟ್ರೂ ಊರು ಬಿಡ್ತಿರ್ಲಿಲ್ಲ. ಕಣ್ಣು ಕಾಣದವಳ ಕೈಗೆ ಕೆಂಡದಂಥ ಇಸ್ತ್ರಿಪೆಟ್ಟಿಗೆ, ಅದರ ಕೆಳಗೆ ತಮ್ಮ ಹೊಸ ಬಟ್ಟೆ. ಯಾರು ಕೊಡ್ತಾರೆ ಹೇಳು. ಆ ಮೇಜು ಬಿಟ್ರೆ ನಂಗೆ ಬೇರೆ ಏನಿದೆಯೇ ಪುಟ್ಟಿ?"

"ಮತ್ತೆ ದಿನಾ ಸೀರಿಯಲ್ ನೋಡಿ ಅಷ್ಟೊಂದು ತಪ್ಪು ಹುಡುಕ್ತಿದ್ದೆಯಲ್ಲೇ?"

ಆಗ ನಕ್ಕಳು. "ನೀನು ಬರೆದದ್ದನ್ನ ನೋಡೋಕೆ ಕಣ್ಣು ಯಾವತ್ತು ಬೇಕಾಗಿತ್ತು?"

ಆ ಮಾತಿಗೆ ನಾನು ಅವಳ ಮಡಿಲಲ್ಲಿ ತಲೆಯಿಟ್ಟೆ. ಇಸ್ತ್ರಿಯ ಕಾವಿನ ವಾಸನೆ. ಅವಳು ನನ್ನ ತಲೆಯನ್ನು ಸವರಿ, ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತು, ಕತ್ತಾಳೆ ಆಗಿದೆ ಕೂದಲು, ಎಂದು ಬೈದಳು.

ಮರುದಿನ ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದಿರುವ ಬೆಳಕನ್ನಾದರೂ ಕಾಪಾಡಿಕೊಳ್ಳೋಣ ಎಂದು ಹನಿ ಬರೆದುಕೊಟ್ಟರು. ದಾರಿಯಲ್ಲಿ ಅಕ್ಕ ಎರಡು ಮಾತು ತೆಗೆದುಕೊಂಡಳು. ಗಿರಾಕಿಗಳಿಗೆ ಹೇಳಕೂಡದು. ನನ್ನ ಸಲುವಾಗಿ ನಿನ್ನ ದೃಶ್ಯ ಬದಲಿಸಕೂಡದು. ಮೊದಲನೆಯದಕ್ಕೆ ತಲೆಯಾಡಿಸಿದೆ. ತಲೆಯಾಡಿಸಿದ್ದು ಅವಳಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆದು, ಬಾಯಲ್ಲಿ ಹೂಂ ಎಂದೆ. ಎರಡನೆಯದಕ್ಕೆ ಏನೂ ಹೇಳಲಿಲ್ಲ.

ಅವಳನ್ನು ಮನೆಗೆ ಬಿಟ್ಟು ನೇರ ಸ್ಟುಡಿಯೋಗೆ ಹೋದೆ. ಡೈರೆಕ್ಟರೂ ಸಬ್‌ಟೈಟಲೂ ಎಡಿಟಿಂಗ್ ಕೋಣೆಯಲ್ಲಿದ್ದರು.

"ಮಾತು ಬೇಕು. ನಾನು ಬರೀತೀನಿ, ಡಬ್ ಮಾಡ್ಸಿ."

"ಅಕ್ಕ ಬೇಡ ಅಂದ್ರಾ?" ಡೈರೆಕ್ಟರ ಮುಖ ಬಿತ್ತು.

"ಅಕ್ಕ ಅಲ್ಲ, ನಾನು ಹೇಳ್ತಿರೋದು. ಕಣ್ಣು ಕಾಣದವರು ಇರ್ತಾರೆ ಸರ್. ದಿನಾ ನಮ್ಮನ್ನೇ ಕೇಳಿಕೊಂಡು ಬಂದಿರ್ತಾರೆ. ಕೊನೆ ದಿನ, ಅಕ್ಕ ತಂಗಿ ಸೇರೋ ಹೊತ್ತಿಗೆ ಅವರನ್ನ ಬಾಗಿಲ ಹೊರಗೆ ನಿಲ್ಲಿಸಿ ಚಿಲಕ ಹಾಕೋಕೆ ನನ್ನಿಂದ ಆಗಲ್ಲ." ದನಿ ಏರಿತ್ತು. ಸಬ್‌ಟೈಟಲ್ ಕಡೆ ತಿರುಗಿದೆ. "ನಿಮ್ಮೂರಿನ ಜನ ನಾಲ್ಕು ಸಾಲು ಓದಿದ್ರೆ ಸವೆದುಹೋಗ್ತಾರಾ?"

ಅವಳು ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು. "ಓದೋಕೆ ಬರದವರೂ ಇದ್ದಾರೆ, ಮೇಡಂ," ಎಂದಳು.

ಮುಗಿಯಿತು ಎಂದುಕೊಂಡೆ, ಎರಡು ವಾಕ್ಯವೂ ಆಗಿರಲಿಲ್ಲ. ಆದರೆ ಆ ದಿನ ಅವಳು ಮಾತಾಡಿದಳು. ಅವಳನ್ನು ಸಾಕಿದ್ದು ಅಜ್ಜಿಯಂತೆ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಪರದೇಶದ ಸೀರಿಯಲ್ಲೆಂದರೆ ಪ್ರಾಣ. ಚಿಕ್ಕಂದಿನಿಂದ ಇವಳು ಪಕ್ಕದಲ್ಲಿ ಕೂತು ಪರದೆಯ ಕೆಳಗೆ ಬರುವ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಅತ್ತೆಯ ದನಿ ಬೇರೆ, ಸೊಸೆಯ ದನಿ ಬೇರೆ ಮಾಡಿ. ಈ ಕೆಲಸಕ್ಕೆ ಬಂದಮೇಲೆ ಅಲ್ಲಿ ಓದುವವರು ಯಾರೂ ಇಲ್ಲ.

"ಆದ್ರೂ ದಿನಾ ಹಾಕ್ಕೊಂಡು ಕೂತಿರ್ತಾರೆ. ಮುಖ ನೋಡಿ ಊಹೆ ಮಾಡ್ತಾರೆ. ತಪ್ಪು ಊಹೆನೇ ಜಾಸ್ತಿ. ಯಾವಾಗಾದ್ರೂ ಮಾತಿಲ್ಲದ ಜಾಗ ಬಂದ್ರೆ, ಆವತ್ತು ನಂಗೆ ಫೋನ್ ಮಾಡ್ತಾರೆ. ಇವತ್ತು ನಂಗೆ ಪೂರ್ತಿ ಅರ್ಥ ಆಯ್ತು ಕಣೇ, ನೀನಿಲ್ದೇನೇ ಅರ್ಥ ಆಯ್ತು ಅಂತ." ಕಣ್ಣು ತುಂಬಿಕೊಂಡವು. "ಆ ಹಾಸಿಗೆ ಬಟ್ಟೆ ಮಡಿಸೋದು ಅವರಿಗೆ ಅರ್ಥ ಆಗುತ್ತೆ, ಮೇಡಂ. ಯಾವ ಭಾಷೆನೂ ಬೇಡ ಅದಕ್ಕೆ."

ಡೈರೆಕ್ಟರು ಕನ್ನಡಕ ತೆಗೆದು ಒರೆಸಿದರು. ನನಗೆ ಜಗಳ ಬೇಕಾಗಿತ್ತು. ಜಗಳ ಸಿಕ್ಕಿದ್ದರೆ ಗೆಲ್ಲುತ್ತಿದ್ದೆ. ಕಂಪನಿ, ರೇಟಿಂಗು, ದೇಶ ವಿದೇಶ ಎಂದು ಇಷ್ಟು ದಿನ ಹಗ್ಗ ಜಗ್ಗಿದೆವಲ್ಲ, ಹಗ್ಗದ ಆ ತುದಿಯಲ್ಲೊಬ್ಬಳು ಮುದುಕಿ, ಈ ತುದಿಯಲ್ಲಿ ನನ್ನಕ್ಕ. ಒಬ್ಬಳಿಗೆ ಮಾತೇ ಬೇಕು, ಇನ್ನೊಬ್ಬಳಿಗೆ ಮಾತೇ ಬೇಡ. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದೆ.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಒಂದು ದಿಂಬಿನ ಚೀಲವನ್ನು ಬೆರಳಿಂದ ತೀಡುತ್ತಾ ಕೇಳಿಸಿಕೊಂಡಳು.

"ಆ ಅಜ್ಜಿಗೆ ವಯಸ್ಸೆಷ್ಟಂತೆ?"

"ಕೇಳ್ಲಿಲ್ಲ."

"ಹುಷಾರಾಗಿದ್ದಾರಂತಾ?"

"ಕೇಳ್ಲಿಲ್ಲ ಕಣೇ."

"ಏನು ಹೆಂಗಸೋ ನೀನು. ಜಗಳಕ್ಕೆ ಬೇಕಾದ್ದು ಮಾತ್ರ ಕೇಳ್ಕೊಂಡು ಬಂದಿದ್ದೀಯ." ದಿಂಬಿನ ಚೀಲವನ್ನು ಮಡಿಸಿ ಬದಿಗಿಟ್ಟಳು. "ನಾನು ಇಷ್ಟು ವರ್ಷ ಕೇಳಿದ್ದೀನಿ, ಹೊಟ್ಟೆ ತುಂಬ. ಪಾಪ, ಆಕೆ ಒಂದು ನಾಲ್ಕು ನಿಮಿಷ ನೆಮ್ಮದಿಯಾಗಿ ನೋಡ್ಲಿ ಬಿಡು. ಹಂಗೇ ಇರ್ಲಿ ನಿನ್ನ ದೃಶ್ಯ."

"ನಿಂಗೆ?"

"ನೀನಿಲ್ವಾ? ಆ ಹುಡುಗಿ ಅಜ್ಜಿಗೆ ಹೇಳ್ತಿದ್ಲಲ್ಲ, ನೀನೂ ನನ್ನ ಪಕ್ಕ ಕೂತು ಕಿವೀಲಿ ಹೇಳು. ಮೆತ್ತಗೆ, ಯಾರಿಗೂ ಗೊತ್ತಾಗದ ಹಾಗೆ."

ಡೈರೆಕ್ಟರಿಗೆ ಫೋನ್ ಮಾಡಿ, ಅಕ್ಕ ಹೂಂ ಅಂದಳು ಎಂದೆ. ಸುಳ್ಳೇನೂ ಅಲ್ಲವಲ್ಲ.

ಕೊನೆಯ ಕಂತಿನ ಸಂಜೆ ಅಂಗಡಿ ತುಂಬಿಹೋಯಿತು. ಹಾವಿನ ಕಡೆ ಹೋದವರೂ, ಮುಕ್ತಾಯ ಏನಾಗುತ್ತದೋ ಎಂದು ಬಂದಿದ್ದರು. ಮೂಲೆಮನೆಯಾಕೆ ಇಸ್ತ್ರಿಗೆ ಕೊಡುವ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಮುಂದಿನ ಸ್ಟೂಲು ಹಿಡಿದಿದ್ದಳು. ಈಕೆ ಒಂದು ಮಡಿಕೆ ಓರೆಯಾದರೂ ಬೀದಿಗೆ ಕೇಳುವಂತೆ ಕೂಗಾಡುವವಳು. ಡ್ಯೂಟಿ ಮುಗಿಸಿದ ನರ್ಸಮ್ಮ ಯೂನಿಫಾರ್ಮಿನಲ್ಲೇ ಬಂದಿದ್ದರು. ಡ್ರೈವರನ ಹೆಂಡತಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ರಿಟೈರಾದ ಮೇಷ್ಟ್ರು, ನಾನು ಶರ್ಟಿಗೆ ಬಂದದ್ದು, ಇದನ್ನೆಲ್ಲ ನೋಡುವವನಲ್ಲ, ಎಂದು ಹೇಳಿ ಒಳ್ಳೆಯ ಜಾಗದಲ್ಲಿ ಕೂತರು. ಅಕ್ಕ ಎಂದಿನಂತೆ ಮೇಜಿನ ಹಿಂದೆ, ಟಿವಿಗೆ ಬೆನ್ನು ಹಾಕಿ. ನಾನು ಅವಳ ಪಕ್ಕ ಸ್ಟೂಲು ಎಳೆದುಕೊಂಡೆ.

ಮೊದಲರ್ಧ ಸರಾಗವಾಗಿ ಹೋಯಿತು. ಜಗಳವೂ ಇತ್ತು, ಮಾತೂ ಇತ್ತು. ಆಮೇಲೆ ಪಿಟೀಲು ಶುರುವಾಯಿತು. ಅಕ್ಕನ ಕೈ ಇಸ್ತ್ರಿಪೆಟ್ಟಿಗೆಯನ್ನು ಬದಿಗೆ ನಿಲ್ಲಿಸಿತು. ತಲೆಯನ್ನು ನನ್ನ ಕಡೆ ವಾಲಿಸಿದಳು.

"ತಂಗಿ ಮಹಡಿ ಹತ್ತಿ ಬಂದ್ಲು," ಎಂದು ಪಿಸುಗುಟ್ಟಿದೆ. "ಅಕ್ಕ ಬಟ್ಟೆ ತೆಗೀತಿದ್ದಾಳೆ. ತಿರುಗಿ ನೋಡ್ಲಿಲ್ಲ. ತಂಗಿ ಹೋಗಿ ತುದಿ ಹಿಡ್ಕೊಂಡ್ಲು."

"ಯಾವುದರ ತುದಿ?"

"ಹಾಸಿಗೆ ಬಟ್ಟೇದು."

ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಅವಳಿಗೆ ಗೊತ್ತಾಗಿಹೋಯಿತು, ಅದು ಯಾರ ಮಹಡಿ, ಯಾರ ಹಾಸಿಗೆ ಬಟ್ಟೆ ಎಂದು. ಸಾವಿರಾರು ಪುಟ ಮಾತು ಬರೆದವಳು ನಾನು, ಈಗ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ.

"ಆಮೇಲೆ?" ಎಂದಳು ಮೆತ್ತಗೆ.

ಬಾಯಿ ತೆರೆದೆ, ಬರೀ ಉಸಿರು ಬಂತು.

"ಆಮೇಲೆ ಏನಾಯ್ತೇ? ಹೇಳೇ."

ಆಗಲಿಲ್ಲ. ಅವಳ ಹೆಗಲಿಗೆ ಹಣೆಯಿಟ್ಟೆ. ಪಿಟೀಲು ಮೇಲೇರುತ್ತಿತ್ತು. ಅಕ್ಕ ಮೇಜಿಗೆ ಎರಡು ಕೈ ಊರಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಂಗೆ ಕಾಣ್ಸಲ್ಲ ಕಣ್ರೇ. ಕಣ್ಣು ಹೋಗಿ ಎರಡು ವರ್ಷ ಆಯ್ತು. ಇವಳು ನೋಡಿದ್ರೆ ಅಳ್ತಾ ಕೂತಿದ್ದಾಳೆ. ಅಲ್ಲಿ ಏನಾಗ್ತಿದೆ, ಯಾರಾದ್ರೂ ಹೇಳ್ರೇ."

ಎಲ್ಲರ ಮುಖ ಟಿವಿಯಿಂದ ಅಕ್ಕನ ಕಡೆ ತಿರುಗಿತು. ಎರಡು ವರ್ಷ ಹಲ್ಲು ಕಚ್ಚಿ ಕಾಪಾಡಿದ್ದನ್ನು, ಒಂದು ಹಾಸಿಗೆ ಬಟ್ಟೆಯ ಕತೆ ಕೇಳಲಿಕ್ಕಾಗಿ ಬಿಟ್ಟುಕೊಟ್ಟಿದ್ದಳು.

ಮೊದಲು ಬಾಯಿ ತೆರೆದವರು ನರ್ಸಮ್ಮ. "ಬೆಡ್‌ಶೀಟ್ ಮಡಿಸ್ತಾ ಇದ್ದಾರೆ ಅಕ್ಕ, ಇಬ್ಬರೂ ಸೇರಿ. ಒಬ್ಬರ ಮುಖ ಒಬ್ಬರು ನೋಡ್ತಿಲ್ಲ."

"ನೋಡಿದ್ಲು, ನೋಡಿದ್ಲು, ಈಗ ತಂಗಿ ನೋಡಿದ್ಲು," ಎಂದಳು ಡ್ರೈವರನ ಹೆಂಡತಿ.

"ನೋಡಿದ್ದು ಅಕ್ಕ," ಎಂದರು ಮೇಷ್ಟ್ರು, ನೋಡುವವರಲ್ಲದ ಮೇಷ್ಟ್ರು. "ಒಂದು ಹೆಜ್ಜೆ ಮುಂದೆ ಬಂದಳು. ತುಟಿ ಅದುರ್ತಾ ಇದೆ."

"ಮಡಿಕೆ ಸರಿ ಹಾಕ್ತಿದ್ದಾರಾ?" ಎಂದು ಅಕ್ಕ ಕೇಳಿದಳು.

"ಎಲ್ಲಿ ಸರಿ, ಸೊಟ್ಟಂಪಟ್ಟ," ಎಂದಳು ಮೂಲೆಮನೆಯಾಕೆ. ಅವಳ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. "ಅಂಚಿಗೆ ಅಂಚು ಸೇರಿಲ್ಲ. ಹತ್ರ ಬಂದ್ರು. ಇನ್ನೂ ಹತ್ರ. ಅಕ್ಕಾ, ಕೈ ಹಿಡ್ಕೊಂಡ್ರು."

ಆಮೇಲೆ ಎಲ್ಲರೂ ಒಟ್ಟಿಗೇ ಶುರು ಮಾಡಿದರು. ಹೊರದೇಶದವರು ಕೇಳಿ ಕೇಳಿ ಪಡೆದ ಮೌನ ನಮ್ಮ ಅಂಗಡಿಯಲ್ಲಿ ಯಾರಿಗೂ ಕೇಳಿಸಲಿಲ್ಲ. "ಒಬ್ಬೊಬ್ಬರಾಗಿ ಹೇಳ್ರೇ, ಸಂತೆ ಮಾಡ್ಬೇಡಿ," ಎಂದು ಅಕ್ಕ ಅಳುತ್ತಾ ನಗುತ್ತಾ ಗದರಿದಳು. ನಾನು ಅವಳ ಹೆಗಲ ಮೇಲೆ ತಲೆಯಿಟ್ಟುಕೊಂಡೇ ಕೂತಿದ್ದೆ. ಅದರಲ್ಲಿ ಒಂದು ಮಾತೂ ನಾನು ಬರೆದದ್ದಲ್ಲ.

ಕಂತು ಮುಗಿದು ಜಾಹೀರಾತು ಬಂತು. ಮೂಗು ಒರೆಸಿಕೊಂಡು ಎಲ್ಲರೂ ಎದ್ದರು. ಅಕ್ಕ ಹೇಳಿದ್ದು ಈಗ ಅವರಿಗೆ ನಿಜವಾಗಿ ಹೊಳೆದಿರಬೇಕು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಖಾಲಿ ಮೇಜನ್ನು ಸುಮ್ಮನೆ ಒರೆಸುತ್ತಿದ್ದಳು. "ನಾಳೆಯಿಂದ ಯಾರು ಬರ್ತಾರೋ ನೋಡೋಣ," ಎಂದಳು, ನನಗೆ ಮಾತ್ರ ಕೇಳುವಷ್ಟು.

ಮೂಲೆಮನೆಯಾಕೆ ತನ್ನ ಗಂಟನ್ನು ಕಾಲ ಬಳಿಯಿಂದ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಬಾಗಿಲ ಕಡೆ ನೋಡಿದಳು. ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದಳು. ಹೋಗುತ್ತಾಳೆ ಎಂದುಕೊಂಡೆ. ಅವಳು ಹೋದರೆ ಉಳಿದವರೂ ಹೋಗುತ್ತಾರೆ.

ಅವಳು ಬಂದು ಗಂಟನ್ನು ಅಕ್ಕನ ಮುಂದಿಟ್ಟು ಬಿಚ್ಚಿದಳು.

"ಅಕ್ಕಾ, ಇಲ್ಲಿ ಕೇಳಿ. ಮೇಲಿರೋದು ನಮ್ಮನೆಯವರ ಬಿಳಿ ಶರ್ಟು, ಕಾಲರ್ ಹತ್ರ ಸ್ವಲ್ಪ ಪಿಸಿದಿದೆ, ಅಲ್ಲಿ ಜೋರಾಗಿ ಒತ್ಬೇಡಿ. ಅದರ ಕೆಳಗೆ ಎರಡು ಪ್ಯಾಂಟು, ಮೊದಲ್ನೇದು ನೀಲಿ, ಎರಡ್ನೇದು ಕಪ್ಪು. ಅಡೀಲಿರೋ ಹಸಿರು ನನ್ನದು. ರೇಷ್ಮೆ ಥರ ಕಾಣುತ್ತೆ, ರೇಷ್ಮೆ ಅಲ್ಲ."

ಅವಳು ಹೇಳಿದ ಹಾಗೆಲ್ಲ ಅಕ್ಕ ಒಂದೊಂದರ ಮೇಲೂ ಕೈಯಿಟ್ಟಳು. ಹಸಿರಿನ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು.

"ರೇಷ್ಮೆ ಅಲ್ಲ ಅಂತ ಕೈಗೇ ಗೊತ್ತಾಯ್ತು ಬಿಡು," ಎಂದಳು. "ನಾಡಿದ್ದು ಬಾ."

ಮೇಷ್ಟ್ರು ಇಸ್ತ್ರಿಯಾದ ತಮ್ಮ ಶರ್ಟು ತೆಗೆದುಕೊಂಡು ಪಕ್ಕಕ್ಕೆ ಸರಿದರು, ಹಿಂದೆ ನಿಂತಿದ್ದ ನರ್ಸಮ್ಮ ತಮ್ಮ ಚೀಲ ಬಿಚ್ಚಿದರು.